ಅತ್ತೆಯ ಎಂಜಲು, ನನ್ನ ವಂಶಾವಳಿ

ತನ್ನ ವಂಶದ ಬಗ್ಗೆ ಏನೂ ಗೊತ್ತಿಲ್ಲದವನಷ್ಟು ಧೈರ್ಯವಾಗಿ ವಂಶದ ಬಗ್ಗೆ ಮಾತಾಡುವವರು ಇನ್ನೊಬ್ಬರಿಲ್ಲ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ, ಸ್ವಂತ ಬಾಯಿಯ ಅನುಭವದಿಂದ ಹೇಳುತ್ತಿದ್ದೇನೆ. ತಾತನ ಹೆಸರು ಮುನಿಯಪ್ಪ ಎಂದು ನನಗೆ ಗೊತ್ತು, ಏಕೆಂದರೆ ಅದರಲ್ಲಿ ಅರ್ಧ ಕತ್ತರಿಸಿ ನನಗೆ ಮುನಿರಾಜ ಎಂದು ಇಟ್ಟಿದ್ದಾರೆ. ಮುತ್ತಾತನ ಹೆಸರು ನಾಲಿಗೆಯ ತುದಿಯಲ್ಲಿದೆ, ಆದರೆ ಐವತ್ತು ವರ್ಷದಿಂದ ಅಲ್ಲೇ ಇದೆ. ಅದರಾಚೆಗೆ ಎಲ್ಲವೂ ಮಸುಕು. ಹೀಗಿದ್ದರೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ನಿಂತರೆ ಸಾಕು, "ನಮ್ಮದು ಬೇತಮಂಗಲದ ಕಡೆ ಹಳೇ ಮನೆತನ ಕಣ್ರೀ. ಕೆರೆ ಕಟ್ಟೋದಕ್ಕಿಂತ ಮುಂಚಿನಿಂದ ನಾವು ಅಲ್ಲೇ ಇದ್ದೋರು" ಎಂದು ಶುರು ಮಾಡುತ್ತಿದ್ದೆ. ಕೆರೆ ಕಟ್ಟುವ ಮುಂಚೆ ಅಲ್ಲಿ ಏನು ಕುಡಿಯುತ್ತಿದ್ದಿರಿ ಎಂದು ಯಾರೂ ಕೇಳದೆ ಇದ್ದದ್ದು ನನ್ನ ಅದೃಷ್ಟ.

ಹೊಟ್ಟೆಪಾಡಿಗೆ ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದಲ್ಲಿದ್ದೇನೆ. ಬಂಗಾರಪೇಟೆಯಲ್ಲಿ ಮನೆ, ದಿನಾ ಹೋಗಿ ಬರುವುದು. ಯಂತ್ರದ ಭಾಗಗಳು ನನ್ನ ಮೇಜಿಗೆ ಬರುತ್ತವೆ. ಗೇಜು ಹಿಡಿದು ಅಳೆಯುತ್ತೇನೆ. ಸರಿ ಇದ್ದರೆ ಹಸಿರು ಬಣ್ಣದ ಚುಕ್ಕೆ, ತಪ್ಪಿದ್ದರೆ ಕೆಂಪು. ಮೂವತ್ತು ವರ್ಷದಲ್ಲಿ ಕೆಂಪಿಗೆ ಹಸಿರು ಹಚ್ಚಿದವನಲ್ಲ ಎಂಬ ಹೆಸರಿದೆ ನನಗೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ ಒಂದೇ ಪಾಠ ಹೇಳುತ್ತೇನೆ: "ಎರಡು ಭಾಗ ಒಂದಕ್ಕೊಂದು ಕೂರಲಿಲ್ಲ ಅಂದ್ರೆ ದಡಕ್ಕನೆ ಒಂದಕ್ಕೆ ಕೆಂಪು ಹಚ್ಚಬೇಡಿ. ಕೂರಲಿಲ್ಲ ಅಂತ ಮಾತ್ರ ಗೊತ್ತಾಯ್ತು, ತಪ್ಪು ಯಾವುದರದ್ದು ಅಂತ ಗೊತ್ತಾಗಲಿಲ್ಲ. ಮೊದಲು ನಿಮ್ಮ ಕೈಲಿರೋದನ್ನ ನೋಡ್ಕೊಳ್ಳಿ." ಈ ಪಾಠವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಮರೆಯುವವನಿದ್ದೇನೆ. ಅಳೆಯುವ ಚಟ ಮನೆಗೂ ಬಂದಿದೆ. ನನ್ನ ಹೆಂಡತಿ ಗಿರಿಜೆ ದೋಸೆ ಹಾಕಿದರೆ ಅಂಚಿನ ಕಡೆ ದಪ್ಪ, ನಡುವೆ ತೆಳು ಎಂದು ನಾನು ಹೇಳದೆ ತಿನ್ನಲಾರೆ. "ದೋಸೆಗೂ ಬಣ್ಣ ಹಚ್ಚಿ ಪಕ್ಕಕ್ಕಿಡಿ, ನಾಳೆ ಉಪ್ಪಿಟ್ಟು ಮಾಡ್ತೀನಿ" ಎನ್ನುತ್ತಾಳೆ. ಉಪ್ಪಿಟ್ಟು ನನಗೆ ಆಗದು ಎಂಬುದು ಅವಳಿಗೆ ಗೊತ್ತು.

ಇಂಥ ನನ್ನನ್ನು ಕೆಣಕಿದವರು ಪಾಟೀಲರು. ಬಾಗಲಕೋಟೆ ಕಡೆಯವರು, ನನ್ನ ಪಕ್ಕದ ಮೇಜಿನವರು, ಮಾತಿನಲ್ಲಿ ಜೋಳದ ರೊಟ್ಟಿಯ ಗಟ್ಟಿತನ. ಒಂದು ದಿನ ನಾನು ಕೆರೆಗಿಂತ ಮುಂಚಿನ ಮನೆತನದ ಕಥೆ ತೆಗೆದಾಗ ಅವರು ಲೋಟ ಕೆಳಗಿಟ್ಟು, "ಮುನಿರಾಜ್, ನಮ್ಮ ಮನಿಗೆ ಹೆಳವರು ಬರ್ತಾರ್ರಿ. ಎತ್ತಿನ ಮ್ಯಾಲ ಕುಂತು ಬಂದು, ಹಳೇ ಪುಸ್ತಕ ತಗದು, ನಮ್ಮಪ್ಪ, ಅವರಪ್ಪ, ಅವರಪ್ಪ ಅಂತ ಹದಿನಾಲ್ಕು ತಲಿ ಓದಿ ಹೇಳ್ತಾರ. ನಿಮ್ಮ ಮನಿಗೆ ಯಾರ್ರಿ ಬರ್ತಾರ?" ಎಂದರು. ನಮ್ಮ ಮನೆಗೆ ಕರೆಂಟಿನ ಮೀಟರ್ ಓದುವವನು ಬರುತ್ತಾನೆ. ಅವನೂ ಹಳೇ ಲೆಕ್ಕ ಹೇಳುತ್ತಾನೆ, ಆದರೆ ಹೋದ ತಿಂಗಳಿಗಿಂತ ಹಿಂದಕ್ಕೆ ಹೋಗುವುದಿಲ್ಲ. ಕ್ಯಾಂಟೀನಿನವರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಹೆಳವರು ಬರದಿದ್ದರೆ ಕತ್ತೆ ಬಾಲ, ಕೊರಿಯರ್‌ನವರು ಬರುತ್ತಾರೆ ಎಂದು ಅವತ್ತೇ ಮನೆಯಲ್ಲೇ ಮಾಡಿಕೊಳ್ಳುವ ಡಿಎನ್‌ಎ ಪರೀಕ್ಷೆಯ ಡಬ್ಬಿಗೆ ಮೊಬೈಲಿನಲ್ಲಿ ಆರ್ಡರ್ ಹಾಕಿದೆ. ಒಂದು ಕೊಂಡರೆ ಎರಡನೆಯದು ಅರ್ಧ ಬೆಲೆಗೆ ಎಂದಿತ್ತು. ಅರ್ಧ ಬೆಲೆ ಎಂದ ಮೇಲೆ ನಮ್ಮಂಥವರು ಎರಡನೆಯದನ್ನು ಬಿಡುವುದುಂಟೆ?

ಡಬ್ಬಿ ಬಂತು. ಒಳಗೆ ಎರಡು ಪುಟ್ಟ ನಳಿಕೆ, ಪ್ರತಿಯೊಂದರ ಮೇಲೂ ಒಂದು ಗೆರೆ. ಆ ಗೆರೆಯವರೆಗೆ ಉಗುಳಿ, ಮುಚ್ಚಿ, ಕಳಿಸಬೇಕು. ಗಿರಿಜೆ ಸೂಚನೆಗಳನ್ನು ಓದಿ ಡಬ್ಬಿಯನ್ನು ಅಡುಗೆಮನೆಯ ಹೊಸ್ತಿಲಿನಿಂದಾಚೆಗೆ ಕಾಲಿನಿಂದಲೇ ತಳ್ಳಿದಳು. "ಎಂಜಲು ಕೈ ತಾಕಿದ್ರೆ ತೊಳ್ಕೋ ಅಂತ ಮಕ್ಕಳಿಗೆ ಹೇಳಿ ಬೆಳೆಸಿದ್ದೀವಿ. ಈಗ ಎಂಜಲನ್ನ ಪಾರ್ಸಲ್ ಮಾಡ್ತಾರಂತೆ! ಇರಲಾರದೆ ಇರುವೆ ಬಿಟ್ಕೋಬೇಡಿ. ಋಷಿಮೂಲ, ನದೀಮೂಲ ಕೆದಕಬಾರದು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ" ಎಂದಳು. ನಾನು ಋಷಿಯೂ ಅಲ್ಲ, ನದಿಯೂ ಅಲ್ಲ, ತಪಾಸಣಾ ವಿಭಾಗದವನು ಎಂದು ಹೇಳಿ ಒಂದು ನಳಿಕೆಯನ್ನು ನಾನೇ ತುಂಬಿಸಿದೆ. ಗೆರೆಗೆ ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡನೆಯದಕ್ಕೆ ಗಿರಿಜೆ ಬಾಯಿ ತೆರೆಯಲಿಲ್ಲ. ನಮ್ಮ ಮದುವೆಯಾದ ಮೇಲೆ ಅವಳು ಬಾಯಿ ತೆರೆಯದ ಪ್ರಸಂಗ ಅದೊಂದೇ. ಆಗ ನನಗೆ ರಾಜಮ್ಮತ್ತೆಯ ನೆನಪಾಯಿತು.

ರಾಜಮ್ಮತ್ತೆ ನನ್ನ ಅಪ್ಪನ ತಂಗಿ. ವಯಸ್ಸು ಎಂಬತ್ತರ ಆಚೆ. ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ, ಗಣಿಯ ಕಾಲದ ಸಾಲು ಮನೆಯೊಂದರಲ್ಲಿ ಮಗಳು ಅಳಿಯನ ಜೊತೆ ಇದ್ದಾಳೆ. ತಾತನೂ ಅಪ್ಪನೂ ಅಲ್ಲೇ ಗಣಿಯಲ್ಲಿ ಕೆಳಗಿಳಿದು ದುಡಿದವರು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಇದ್ದಾಗ ಅವರು ಬಡಿಸುವಾಗ ಇಡ್ಲಿಯನ್ನು "ಒಣ್ಣು, ರೆಂಡು, ಮೂಣು" ಎಂದು ತಮಿಳಿನಲ್ಲೇ ಎಣಿಸುತ್ತಿದ್ದರು. ಗಣಿಯವರೆಲ್ಲ ಹಾಗೇ ಎಂದು ನಾನು ಅದಕ್ಕೆ ಆಗಲೇ ಹಸಿರು ಚುಕ್ಕೆ ಹಾಕಿಬಿಟ್ಟಿದ್ದೆ. ಸಾಯುವ ಮುಂಚೆ ನನ್ನ ಕೈ ಹಿಡಿದು ಅವರು ಹೇಳಿದ್ದು ಆಸ್ತಿಯ ಮಾತಲ್ಲ, "ಏನು ಮರೆತರೂ ಗೌರಿ ಹಬ್ಬಕ್ಕೆ ರಾಜಿಗೆ ಸೀರೆ ಮರೀಬೇಡ" ಎಂದು. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೆ ಒಂದು ಚೀಲದಲ್ಲಿ ಸೀರೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಮಾರಿಕುಪ್ಪಂ ರೈಲು ಹತ್ತುತ್ತೇನೆ. ಅತ್ತೆಗೆ ತವರು ಎಂದು ಉಳಿದಿರುವುದು ನನ್ನದೊಂದೇ ಮನೆ. ನನ್ನ ದಾರಿ ನೋಡುತ್ತ ಅವಳು ಬೆಳಗ್ಗೆಯೇ ಜಗಲಿಯಲ್ಲಿ ಕೂತಿರುತ್ತಾಳೆ. ಸೀರೆಯನ್ನು ಸಾಲಿನ ಎಲ್ಲ ಮನೆಗೂ ತೋರಿಸಿಕೊಂಡು ಬರುತ್ತಾಳೆ. ಹೊರಡುವಾಗ ಮಾತ್ರ ಚೀಲ ಬರಿದಾಗಿ ಕಳಿಸುವುದಿಲ್ಲ. ಒಂದು ಸೇರು ರಾಗಿಹಿಟ್ಟು, ಹಿತ್ತಲಿನ ನಾಲ್ಕು ನಿಂಬೆಹಣ್ಣು ಹಾಕಿಯೇ ಕೊಡುವುದು. ಮುದುಕಿಯ ಮರ್ಯಾದೆ ಎಂದುಕೊಂಡು ನಾನು ತರುತ್ತಿದ್ದೆ. ಇಷ್ಟೂ ವರ್ಷ ಕೊಡುವವನು ನಾನು, ತೆಗೆದುಕೊಳ್ಳುವವಳು ಅವಳು ಎಂಬ ಒಂದು ಸಣ್ಣ ಜಂಬ ನನ್ನಲ್ಲಿ ಇತ್ತು, ಸುಳ್ಳೇಕೆ ಹೇಳಲಿ.

ಆಷಾಢದ ಒಂದು ಭಾನುವಾರ ನಳಿಕೆ ಹಿಡಿದು ಹೋದೆ. ಅತ್ತೆ ಎಲೆ ಅಡಿಕೆ ಡಬ್ಬಿ ಬಿಚ್ಚಿ ಕೂತಿದ್ದಳು. ಆ ಡಬ್ಬಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇದೆ, ಗಣಿಯ ಕೂಲಿಯವರಿಗೆ ಕೊಡುತ್ತಿದ್ದ ನಂಬರು ಕೊರೆದದ್ದು. ಅವಳು ಅದರಲ್ಲಿ ಸುಣ್ಣ ಕೆರೆಯುತ್ತಾಳೆ. ನಾನು ವಿಷಯ ವಿವರಿಸಿದೆ.

"ಇದ್ರಾಗೆ ಏನ್ಲಾ ಗೊತ್ತಾಯ್ತದೆ?"

"ಯಾರು ಯಾರ ಮಕ್ಕಳು, ಯಾವ ಊರಿನ ಮೂಲ, ಎಲ್ಲ ಗೊತ್ತಾಗುತ್ತೆ ಅತ್ತೆ. ನಾನು, ನೀನು ಇಬ್ಬರೂ ಕೊಟ್ಟರೆ ನಮ್ಮ ವಂಶ ಪಕ್ಕಾ ಆದ ಹಾಗೆ. ನೋಡು, ನನ್ನ ಮೂಗು ನಿನ್ನ ಮೂಗು ಒಂದೇ. ಮಿಷೀನು ಬರೀ ಸೀಲು ಹಾಕಬೇಕು ಅಷ್ಟೇ."

ಅತ್ತೆ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದಳು. "ಗೊತ್ತಾಗಿ ಏನ್ಮಾಡ್ತೀಯಾ?" ಎಂದಳು. ಪಾಟೀಲರ ಬಾಯಿ ಮುಚ್ಚಿಸುತ್ತೇನೆ ಎಂದೆ. ಅವಳು ಬಿಲ್ಲೆಯನ್ನು ಡಬ್ಬಿಗೆ ಹಾಕಿದಳು. ಉಗುಳುವ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು ಎಂದು ಸೂಚನೆ. ಅತ್ತೆಯ ಬಾಯಿ ಎಲೆ ಅಡಿಕೆ ಇಲ್ಲದೆ ಅರ್ಧ ಗಂಟೆ ಇದ್ದದ್ದು ಯಾರಿಗೂ ನೆನಪಿಲ್ಲ. ನಾನು ಡಬ್ಬಿಯನ್ನು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತ ಕೂತೆ. ಅರ್ಧ ಗಂಟೆ ಮುಗಿದಾಗ ಬಾಯಿ ಒಣಗಿ ಹನಿ ಬರಲಿಲ್ಲ. ಹುಣಸೆಹಣ್ಣು ತಂದು ಎದುರಿಗೆ ಹಿಡಿದೆ. ಬಂಗಾರಪೇಟೆಯ ಪಾನಿಪುರಿಯನ್ನು, ಅದರ ಕಣ್ಣೀರಿನಂಥ ತಿಳಿ ನೀರನ್ನು, ನಾಲಿಗೆಗೆ ಹತ್ತುವ ಖಾರವನ್ನು ಬಾಯಲ್ಲಿ ಬಣ್ಣಿಸಿದೆ. ಅತ್ತೆಯ ಬಾಯಿಗೆ ಬದಲು ನನ್ನ ಬಾಯಲ್ಲೇ ನೀರು ಬಂತು. ಕೊನೆಗೆ "ತಾಳು, ಮಕ ತೊಳ್ಕಂಡ್ ಬತ್ತೀನಿ" ಎಂದು ಒಳಗೆ ಹೋದವಳು ಬಂದು, ನಳಿಕೆ ಇಸಿದುಕೊಂಡು, ಗೆರೆಯವರೆಗೆ ಸರಾಗವಾಗಿ ಉಗುಳಿ ಕೊಟ್ಟಳು. ಬಣ್ಣ ತುಸು ಕೆಂಪಗಿತ್ತು. ಎಪ್ಪತ್ತು ವರ್ಷದ ಎಲೆ ಅಡಿಕೆ, ಅಷ್ಟು ಇಲ್ಲದೆ ಇರುತ್ತದೆಯೇ ಎಂದು ಮುಚ್ಚಳ ಬಿಗಿದೆ. ಒಪ್ಪಿಗೆ ಇದೆಯೇ ಎಂದು ಮೊಬೈಲು ಕೇಳಿತು; ಅತ್ತೆಯ ಪರವಾಗಿ ನಾನೇ ಬೆರಳು ಒತ್ತಿದೆ.

ಬಂಗಾರಪೇಟೆಯ ಕೊರಿಯರ್ ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. "ಒಳಗಡೆ ಏನೈತೆ ಸಾರ್?" ಎಂದು ಅಲ್ಲಿದ್ದ ಹೆಂಗಸು ಡಬ್ಬಿ ಅಲುಗಿಸಿ ಕೇಳಿದಳು. ನಾನು ಸುಳ್ಳು ಹೇಳುವವನಲ್ಲ. "ಎಂಜಲು" ಎಂದೆ. ಅವಳು ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಯಾರ್ದು?" "ಒಂದು ನನ್ನದು, ಒಂದು ನಮ್ಮತ್ತೆಯದು." "ಬೆಲೆ ಬಾಳೋ ವಸ್ತುವಾ?" ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳೇ ಯೋಚಿಸಿ, "ಔಷಧಿ ಸಾಮಾನು" ಎಂದು ಬರೆದುಕೊಂಡಳು.

ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಕಾಯುವಾಗ ಈ ಪರೀಕ್ಷೆಯ ಲಾಭ ನಷ್ಟಗಳನ್ನು ನಾನು ತೂಗಿ ನೋಡಿದೆ. ನೀವೂ ಮಾಡಿಸಬೇಕೆಂದಿದ್ದರೆ ಕೇಳಿ, ಈ ವಿಷಯದಲ್ಲಿ ನಾನೀಗ ಅಧಿಕಾರದಿಂದ ಮಾತಾಡಬಲ್ಲೆ. ಲಾಭ ಇದೆ, ಇಲ್ಲ ಎನ್ನುವವನು ಮೂರ್ಖ. ಸಣ್ಣವರಿದ್ದಾಗ ಮನೆಯವರಿಂದ ತಪ್ಪಿಹೋದವರು ಇದರಿಂದ ಒಡಹುಟ್ಟಿದವರನ್ನು ಹುಡುಕಿಕೊಳ್ಳಬಹುದು, ಅದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ಯಾವ ಕಾಯಿಲೆ ನಮ್ಮ ಬಾಗಿಲಲ್ಲಿ ಸುಳಿಯಬಹುದು ಎಂದು ಮುಂಚಿತವಾಗಿ ಸುಳಿವು ಸಿಗುತ್ತದೆ. ಆದರೆ ಸುಳಿವು ಬೇರೆ, ಕಾಯಿಲೆ ಬೇರೆ. ಮುಂದೆ ವರದಿಯಲ್ಲಿ ನನಗೆ ಸಕ್ಕರೆ ಕಾಯಿಲೆಯ ಸಂಭವ ಇದೆ ಎಂದು ಬಂದ ಮೇಲೆ ನಮ್ಮ ಡಾಕ್ಟರ ಬಳಿಗೆ ಮೊಬೈಲು ಹಿಡಿದು ಓಡಿದರೆ ಅವರು ಅದನ್ನು ನೋಡದೆ, "ಮೊದಲು ರಕ್ತ ಕೊಡಿ, ಆಮೇಲೆ ಹೆದರೋಣ" ಎಂದರು. ನಷ್ಟದ ಕಡೆಗೆ ಬಂದರೆ, ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಎಂಜಲು ಕಳೆದರೆ ಬದಲಿಸಲು ಬರುವುದಿಲ್ಲ. ಅದು ಯಾವ ಊರಿನ ಯಾವ ಫ್ರಿಜ್ಜಿನಲ್ಲಿದೆಯೋ ನಮಗೆ ತಿಳಿಯದು. ಮತ್ತೆ, ಉಗುಳುವವನು ಒಬ್ಬನೇ ಆದರೂ ಬಯಲಾಗುವುದು ಅವನೊಬ್ಬನದೇ ಅಲ್ಲ. ಅಕ್ಕ ತಂಗಿಯರದು, ಸತ್ತವರದು, ಹುಟ್ಟದವರದು ಎಲ್ಲ ಅದರಲ್ಲಿ ಇರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ಸ್ಪಷ್ಟವಾಗಿ ನನಗೆ ಹೊಳೆದದ್ದು ಡಬ್ಬಿ ಕಳಿಸಿದ ಮೇಲೆ ಎಂಬುದನ್ನು ಬಿಟ್ಟರೆ, ನನ್ನ ತೂಕ ಸರಿಯಾಗಿಯೇ ಇದೆ.

ಗೌರಿ ಹಬ್ಬಕ್ಕೆ ಒಂದು ವಾರ ಇರುವಾಗ ವರದಿ ಬಂತು. ಮೊದಲ ಪುಟದಲ್ಲಿ, "ನಿಮಗೆ ತಲೆ ಬೋಳಾಗುವ ಸಾಧ್ಯತೆ ಇದೆ" ಎಂದಿತ್ತು. ತಲೆ ಸವರಿಕೊಂಡೆ, ಇಪ್ಪತ್ತು ವರ್ಷ ತಡವಾಗಿ ಬಂದ ಎಚ್ಚರಿಕೆ. "ನೀವು ಬೆಳಗ್ಗೆ ಬೇಗ ಏಳುವ ಸ್ವಭಾವದವರು." ಮೊದಲ ಪಾಳಿಯ ಸೈರನ್ನಿಗೂ ಡಿಎನ್‌ಎಗೂ ಏನು ಸಂಬಂಧವೋ ಕಾಣೆ. "ನಿಮ್ಮ ಮೂಲ: ದಕ್ಷಿಣ ಭಾರತ." ಇಷ್ಟನ್ನು ಮಾರಿಕುಪ್ಪಂ ರೈಲಿನಲ್ಲಿ ಟಿಕೆಟ್ ನೋಡುವವನು ನನ್ನ ಮುಖ ನೋಡಿ ಪುಕ್ಕಟೆ ಹೇಳುತ್ತಿದ್ದ. ಬೇತಮಂಗಲದ ಕೆರೆಯ ಸುದ್ದಿ ಎಲ್ಲೂ ಇರಲಿಲ್ಲ. ಆಮೇಲೆ ಬಂಧುಗಳ ಪುಟ ತೆರೆದೆ. ನನ್ನ ಹೆಸರು ಒಂದು ಕಡೆ, ರಾಜಮ್ಮತ್ತೆಯ ಹೆಸರು ಒಂದು ಕಡೆ. ನಡುವೆ ಗೆರೆ ಇರಬೇಕಾದ ಜಾಗದಲ್ಲಿ ಖಾಲಿ. ಕೆಳಗೆ, "ಈ ಇಬ್ಬರ ನಡುವೆ ರಕ್ತಸಂಬಂಧ ಕಂಡುಬಂದಿಲ್ಲ."

ಮೂರು ಸಲ ಓದಿದೆ. ಕೂಡಲೇ, ಮೂವತ್ತು ವರ್ಷದ ಅನುಭವದ ಬಲದಿಂದ, ನಿರ್ಧಾರಕ್ಕೆ ಬಂದೆ: ರಾಜಮ್ಮತ್ತೆ ನಮ್ಮ ತಾತನ ಸ್ವಂತ ಮಗಳಲ್ಲ! ಯಾರದೋ ಮಗುವನ್ನು ತಂದು ಸಾಕಿದ್ದಾರೆ. ಪಾಪ, ಈ ವಯಸ್ಸಿನಲ್ಲಿ ಅವಳಿಗೆ ಇದು ತಿಳಿದರೆ ಏನಾದೀತು? ತವರಿನ ಸೀರೆ ಎಂದು ಸಾಲಿಗೆಲ್ಲ ತೋರಿಸುವವಳು, ತವರೇ ತನ್ನದಲ್ಲ ಎಂದು ತಿಳಿದರೆ ತಡೆದುಕೊಂಡಾಳೆ? ನಾನೇ ಕೈಯಾರೆ ಮಾಡಿದ ಕೆಲಸ ಎಂದು ಅಂದು ಊಟ ಸೇರಲಿಲ್ಲ. ಗಿರಿಜೆ ನನ್ನ ತಟ್ಟೆ ನೋಡಿ ವಿಷಯ ಬಾಯಿ ಬಿಡಿಸಿದಳು. "ನೀವು ಹೇಳಬೇಡಿ, ಅಷ್ಟೇ. ಸೀರೆ ಕೊಟ್ಟು ಬಾಯಿ ಮುಚ್ಕೊಂಡು ಬನ್ನಿ" ಎಂದಳು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮನಸ್ಸು ಎಷ್ಟು ದೊಡ್ಡದು ಎಂದು ನನಗೇ ಸಂತೋಷವಾಗಿ, ಈ ಸಲ ರೇಷ್ಮೆಯಂಚಿನ ಸೀರೆಯನ್ನೇ ಕೊಂಡೆ. ರಕ್ತ ಬೇರೆಯಾದರೇನು, ಹೊರಗಿನವಳನ್ನೂ ತವರಿನಂತೆ ನೋಡಿಕೊಳ್ಳುವವನು ನಾನು ಎಂದು ರೈಲಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ. ಎದುರು ಕೂತಿದ್ದವರು ಕಿಟಕಿ ಹಾಕಿದರು, ಕಣ್ಣಿಗೆ ಧೂಳು ಬಿತ್ತೆಂದುಕೊಂಡು.

ಅತ್ತೆ ಜಗಲಿಯಲ್ಲೇ ಇದ್ದಳು. ನಾನು ಎಂದೂ ಇಲ್ಲದ ಹಾಗೆ ಕಾಲಿಗೆ ಬಿದ್ದೆ. ಎಂದೂ ಇಲ್ಲದ ಹಾಗೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಸೀರೆ ಬಿಚ್ಚಿ ನೋಡಿ ಅವಳು, "ಏಮಿರಾ, ಇಷ್ಟೊಂದು ಜೋರು? ರಿಜಲ್ಟು ಬಂತಾ?" ಎಂದಳು.

"ಬಂತು ಅತ್ತೆ. ಎಲ್ಲ ಸರಿಯಾಗಿದೆ."

"ಸುಳ್ಳು ಏಳ್ಬ್ಯಾಡ. ನೀನು ಸುಳ್ಳು ಏಳಿದ್ರೆ ಬೋಳು ತಲೆ ಬೆವರ್ತದೆ."

ತಲೆ ಮುಟ್ಟಿಕೊಂಡೆ; ಒದ್ದೆಯಾಗಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಆದಷ್ಟು ಮೃದುವಾಗಿ, ರೈಲಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತನ್ನು ಹೇಳಿದೆ: "ಅತ್ತೆ, ಮಿಷೀನು ಏನು ಬೇಕಾದರೂ ಹೇಳಲಿ. ನೀನು ಎಲ್ಲಿಂದ ಬಂದಿದ್ದರೂ, ಯಾರ ಮಗಳಾಗಿದ್ದರೂ, ನಮ್ಮ ಮನೆ ನಿನ್ನ ತವರೇ. ನಾನಿರೋವರೆಗೂ ನಿನಗೆ ತವರು ತಪ್ಪಲ್ಲ."

ಅತ್ತೆ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾನು ಬೆನ್ನು ಸವರಲು ಹೋದರೆ, ಅವಳು ನಗುತ್ತಿದ್ದಳು. ನಕ್ಕು ನಕ್ಕು ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಉಗುಳಿ ಬಂದು ಕೂತಳು.

"ಲೇ ಮುನಿರಾಜ, ಬಂದೋಳು ನಾನಲ್ಲ ಕಣ್ಲಾ. ಬಂದೋನು ನಿಮ್ಮಪ್ಪ."

ಅತ್ತೆಯೇ ಹೇಳಿದಳು: "ನಮ್ಮಪ್ಪಂಗೆ ಗಂಡ್ಮಕ್ಳಿರ್ಲಿಲ್ಲ. ನಾನೊಬ್ಳೇ. ಗಣಿ ದೂಳು ಕುಡ್ದು ಎದೆ ಕಟ್ಕಂಡು ಕೆಲ್ಸ ಬಿಡೋ ಒತ್ತಿಗೆ, ಮಗ ಇದ್ರೆ ಕರ್ಕಂಬಾ, ನಿನ್ ಕೆಲ್ಸ ಅವ್ನಿಗೆ ಅಂದ್ರಂತೆ. ನಮ್ ಲೈನ್ನಾಗೆ ಒಬ್ಬ ಉಡ್ಗ ಇದ್ದ, ತಮಿಳ್ನೋರ ಉಡ್ಗ, ಅಪ್ಪ ಅಮ್ಮ ಇಬ್ರೂ ಓಗ್ಬಿಟ್ಟಿದ್ರು. ಅವ್ರಪ್ಪ ನಮ್ಮಪ್ಪನ ಜೊತೇಲೇ ಕೆಳಕ್ಕಿಳೀತಿದ್ದೋನು. ನಮ್ಮಪ್ಪ ಆ ಉಡ್ಗನ ಕೈ ಇಡ್ಕಂಡು ಆಪೀಸಿಗೆ ಓಗಿ, ಇವ್ನೇ ನನ್ ಮಗ ಅಂತ ಬರ್ಸ್ಬಿಟ್ಟ. ಬೆಳಗ್ಗೆ ಓಗೋವಾಗ ಪಕ್ಕದ್ ಮನೆ ಉಡ್ಗ, ಸಾಯಂಕಾಲ ಬರೋವಾಗ ನಮ್ಮಣ್ಣ. ಆವತ್ತಿಂದ ನಮ್ಮನೇಲೇ ಉಂಡ, ನಮ್ಮನೇಲೇ ಮಲಗ್ದ. ಕನ್ನಡ ಒಂದಕ್ಸರ ಬರ್ತಿರ್ಲಿಲ್ಲ, ನಾನೇ ಕಲಿಸ್ದೆ. ಎಣಿಸೋದೊಂದು ಮಾತ್ರ ಕೊನೇವರ್ಗೂ ಕಲೀಲಿಲ್ಲ."

ಒಣ್ಣು, ರೆಂಡು, ಮೂಣು. ನನ್ನ ಕಿವಿಯಲ್ಲಿ ಇಡ್ಲಿ ಬೀಳುವ ಸದ್ದು ಕೇಳಿಸಿತು.

"ಇದೆಲ್ಲ ಅಪ್ಪ ನನಗೆ ಹೇಳಲೇ ಇಲ್ಲವಲ್ಲ ಅತ್ತೆ."

"ಏಳೋಕೇನೈತೆ? ಆ ಕಾಲ್ದಾಗೆ ಇಂಗೆ ಎಷ್ಟು ಮನೇಗೆ ಎಷ್ಟು ಅಣ್ಣಂದ್ರು ಬಂದ್ರೋ. ಬಂದ್ಮೇಲೆ ಅಣ್ಣ ಅಂದ್ರೆ ಅಣ್ಣ. ಮೊದಲ್ನೇ ಸಂಬ್ಳದಾಗೆ ನಂಗೆ ಸೀರೆ ತಂದ ಕಣ್ಲಾ. ನಾನಿನ್ನೂ ಲಂಗ ಆಕ್ತಿದ್ದೆ, ಉಡೋಕೂ ಬರ್ತಿರ್ಲಿಲ್ಲ. ಅಬ್ಬಕ್ಕೆ ಅಣ್ಣ ಆದೋನು ಸೀರೆ ಕೊಡ್ಬೇಕು ಅಂತ ಯಾರೋ ಅವ್ನಿಗೆ ಏಳವ್ರೆ. ಸಾಯೋವರ್ಗೂ ಒಂದು ವರ್ಸ ತಪ್ಪಿಸ್ಲಿಲ್ಲ."

"ಮತ್ತೆ ನನ್ನ ಮೂಗು?" ಎಂದು ಕೇಳಿದೆ. ಮುಳುಗುವವನಿಗೆ ಹುಲ್ಲುಕಡ್ಡಿ.

"ಮೂಗು ಎಲ್ಲಾರ್ಗೂ ಒಂದೇ ತರ, ಎಲ್ಡು ತೂತು."

ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಟ್ಟ ಪಾಠ ಕಣ್ಣ ಮುಂದೆ ಬಂತು: ಎರಡು ಭಾಗ ಕೂರಲಿಲ್ಲ ಅಂದರೆ ಮೊದಲು ನಿಮ್ಮ ಕೈಲಿರೋದನ್ನ ನೋಡ್ಕೊಳ್ಳಿ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಯಂತ್ರ ಹೇಳಿದ್ದು ಇಬ್ಬರೂ ಹೊಂದುವುದಿಲ್ಲ ಎಂದಷ್ಟೇ. ಹೊರಗಿನವಳು ಅತ್ತೆ ಎಂದು ಕೆಂಪು ಬಣ್ಣ ಹಚ್ಚಿದವನು ನಾನು. ನನ್ನ ಕಡೆ ತಪ್ಪಿರಬಹುದು ಎಂದು ಒಂದು ಕ್ಷಣವೂ ನನಗೆ ತೋಚಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಐವತ್ತೇಳನೇ ವಯಸ್ಸಿನಲ್ಲಿ, ಆ ಜಗಲಿಯ ಮೇಲೆ, ತಾಯಿಯಿಲ್ಲದ ಕೂಸಿನ ಹಾಗೆ ಭಯವಾಯಿತು.

"ಗೊತ್ತಿದ್ದೂ ಯಾಕೆ ಉಗುಳಿದೆ ಅತ್ತೆ? ಬೇಡ ಅನ್ನಬಹುದಿತ್ತಲ್ಲ."

"ಬ್ಯಾಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ಅದ್ಕೇ ಮಕ ತೊಳೀತೀನಿ ಅಂತ ಒಳಕ್ಕೋಗಿ ಮಗ್ಳ ಎಲೆ ಅಡ್ಕೆ ಆಕ್ಕಂಡ್ ಬಂದು ಉಗುಳ್ದೆ, ಕೆಟ್ಟೋಗ್ಲಿ ಅಂತ. ಆದ್ರೂ ಬಿಡ್ಲಿಲ್ವಲ್ಲ ನಿನ್ ಮಿಷೀನು!" ನಗು ನಿಂತಿತು. ದನಿ ಇಳಿಯಿತು. "ಭಯ ಆಯ್ತು ಕಣ್ಲಾ. ಗೊತ್ತಾದ್ರೆ, ಈ ಮುದ್ಕಿ ನಂಗೇನಾಗ್ಬೇಕು ಅಂತ ನೀನು ಬರೋದು ಬಿಟ್ಬಿಡ್ತೀಯೇನೋ ಅಂತ. ನಿಮ್ಮಪ್ಪ ಓದ್ಮೇಲೆ ನಂಗೆ ಅಣ್ಣನ ಕಡೆ ಅಂತ ಇರೋದು ನೀನೊಬ್ನೇ."

ನನ್ನ ಕಣ್ಣು ತುಂಬಿತು. ಈ ಸಲ ಧೂಳೆಂದು ತಿಳಿಯಲು ಅಲ್ಲಿ ಕಿಟಕಿ ಇರಲಿಲ್ಲ. ಅವಳು ಎಲೆ ಅಡಿಕೆ ಡಬ್ಬಿ ತೆರೆದು ಆ ಹಿತ್ತಾಳೆ ಬಿಲ್ಲೆ ತೆಗೆದು, ಸುಣ್ಣವನ್ನು ಸೆರಗಿನಲ್ಲಿ ಒರೆಸಿ, ನನ್ನ ಅಂಗೈಯಲ್ಲಿಟ್ಟಳು. ತಾತನ ನಂಬರು. ತಾತ ಕೆಲಸ ಬಿಟ್ಟ ಮೇಲೆ ಅಪ್ಪ ಕೊರಳಿಗೆ ಹಾಕಿಕೊಂಡು ಕೆಳಗಿಳಿದದ್ದು ಅದನ್ನೇ. "ನಿನ್ ವಂಸ ಇಷ್ಟೇ ನೋಡು. ಇನ್ನೂ ಅನ್ಮಾನ ಇದ್ರೆ ನೆಕ್ಕಿ ನೋಡ್ಕೋ" ಎಂದಳು. ನಾನು ನೆ­ಕ್ಕಲಿಲ್ಲ. ಆದರೆ ಅಳೆದೆ, ಚಟ ಎಲ್ಲಿ ಹೋಗುತ್ತದೆ. ಹೆಬ್ಬೆರಳಿನ ಅಗಲ, ಒಂದು ಕಡೆ ಸುಣ್ಣ ಕೆರೆದು ಕೆರೆದು ಸವೆದಿದೆ. ಬಿಲ್ಲೆ ವಾಪಸು ಡಬ್ಬಿಗೆ ಹೋಯಿತು, ಅತ್ತೆಗೆ ಸುಣ್ಣಕ್ಕೆ ಬೇಕಲ್ಲ.

ಹೊರಡುವಾಗ ಅವಳು ಎಂದಿನಂತೆ ನನ್ನ ಚೀಲ ತೆಗೆದುಕೊಂಡು ಒಳಗೆ ಹೋದಳು. ಒಂದು ಸೇರು ರಾಗಿಹಿಟ್ಟು, ನಾಲ್ಕು ನಿಂಬೆಹಣ್ಣು. ಇಷ್ಟೂ ವರ್ಷ ನಾನು ತವರನ್ನು ಹೊತ್ತು ಅವಳ ಮನೆಗೆ ತರುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಆ ಚೀಲ ಕೈಗೆ ಬಂದಾಗ ಗೊತ್ತಾಯಿತು, ತವರಿಗೆ ಬಂದು ಹೋಗುತ್ತಿದ್ದವನು ನಾನು. ಅಪ್ಪನನ್ನು ಕೈ ಹಿಡಿದು ಒಳಗೆ ಕರೆದುಕೊಂಡ ಮನೆಯ ಮಗಳು ಆಕೆ. ಆ ಮನೆಯ ಹುಡುಗನನ್ನು ಬರಿಗೈಯಲ್ಲಿ ಕಳಿಸುವ ರೂಢಿ ಅವಳಿಗಿಲ್ಲ. "ಮುಂದಿನ್ ವರ್ಸ ಇಷ್ಟು ಜೋರಾಗಿರೋದು ಬ್ಯಾಡ, ನೂಲಿನ್ ಸೀರೇನೇ ತಾ" ಎಂದು ಕೂಗಿ ಹೇಳಿದಳು.

ಮರುದಿನ ಕ್ಯಾಂಟೀನಿನಲ್ಲಿ ಪಾಟೀಲರು, "ಏನ್ ಬಂತ್ರಿ ಮುನಿರಾಜ್, ಕೆರಿಗಿಂತ ಮೊದಲಿನ ಮನೆತನ?" ಎಂದು ಕೇಳುವರೆಂದು ಗೊತ್ತಿತ್ತು, ಕೇಳಿದರು. ನಾನು ಧೈರ್ಯವಾಗಿ, "ಪಕ್ಕಾ ಆಯ್ತು ಪಾಟೀಲರೇ. ಆಫೀಸಿನಲ್ಲೇ ಬರೆಸಿದ್ದಾರೆ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ತಲೆ ಬೆವರಲಿಲ್ಲ. ಆದರೆ ಅದು ಮರುದಿನದ ಮಾತು. ಆ ಸಂಜೆ ನಾನು ಬಂಗಾರಪೇಟೆಯಲ್ಲಿ ಇಳಿದು, ಮನೆ ಸೇರಿ, ಚೀಲ ಕೆಳಗಿಟ್ಟು ಜಗಲಿಯಲ್ಲಿ ಕೂತಾಗ ಗಿರಿಜೆ ಒಳಗಿನಿಂದಲೇ ಆತಂಕದಲ್ಲಿ ಕೇಳಿದಳು.

"ಹೇಳಿಬಿಟ್ರಾ? ಹೊರಗಿನೋರು ಯಾರು ಅಂತ ಅವರಿಗೆ ಗೊತ್ತಾಗಿ ಹೋಯ್ತಾ?"

"ಗೊತ್ತಾಯ್ತು. ಇಲ್ಲೇ ಜಗಲೀಲಿ ಕೂತಿದ್ದಾರೆ" ಎಂದೆ. "ಒಂದು ಲೋಟ ಕಾಫಿ ಕೊಡು."